ಪಾರ್ಕಿನ್ಸನ್: ಆರೇಳು ವರ್ಷ ದಾಟಿದ ಮ್ಯಾಲ ದಿನ ಚಲೋ ಇರಬೇಕಂದ್ರ ಏನು ನೋಡಬೇಕು?

ಕೊಪ್ಪಳ ಆರೈಕೆ
ಎಲ್ಲರಿಗೂ ನಮಸ್ಕಾರ್ರಿ. ಕೊಪ್ಪಳ, ಗಂಗಾವತಿ, ಕುಷ್ಟಗಿ ಕಡೆ ಮನ್ಯಾಗ ಪಾರ್ಕಿನ್ಸನ್ ರೋಗಿಗಳನ್ನ ನೋಡಿಕೊಳ್ಳೋರಿಗೆ ಎರಡು ಪುಟದ ಕನ್ನಡ ಹಾಳಿ ತಯಾರಾಗ್ತೈತಿ. ಮೊದಲಿನ ಮೂರ್ನಾಕು ವರ್ಷದ ಬಗ್ಗೆ ಬರಿಯೋದು ಸುಲಭ. ಗುಳಿಗಿ ಹತ್ತತೈತಿ, ಮನುಷ್ಯಾ ಓಡಾಡ್ತಾನ. ಖರೇ ತ್ರಾಸ ಆಮ್ಯಾಲ. ಡಾಕ್ಟರ್ ಹತ್ರ ಹೋದಾಗ ಮನಿಯವರು ಹೇಳೋದು ಒಂದೇ ಮಾತು, "ಕೈ ನಡಗೋದು ಕಮ್ಮಿ ಆಗೇತ್ರಿ" ಇಲ್ಲಾ "ಜಾಸ್ತಿ ಆಗೇತ್ರಿ". ಅದರಿಂದ ಏನೂ ಗೊತ್ತಾಗಂಗಿಲ್ಲ. ವರ್ಷದಿಂದ ವರ್ಷಕ್ಕ ಜೀವನ ಹೆಂಗ ನಡದೈತಿ ಅನ್ನೋದನ್ನ ಮನಿಯವರು ಯಾವುದರಿಂದ ಅಳೀಬೇಕು? ಯಾವುದನ್ನ ಮೊದಲು ಸರಿ ಮಾಡಬೇಕು? ಗೊತ್ತಿದ್ದವರು ಬಿಚ್ಚಿ ಬರೀರಿ.

ನಡಿಗೆ ಪಾಠ, ಬಳ್ಳಾರಿ
ನಡುಕ ಕಣ್ಣಿಗೆ ಕಾಣುತ್ತೆ, ಅದಕ್ಕೇ ಎಲ್ಲರೂ ಅದನ್ನೇ ನೋಡ್ತಾರೆ. ದಿನ ಕೆಡಿಸೋದು ಬೇರೆಯವು: ಬೀಳೋದು, ಮಲಬದ್ಧತೆ, ನಿದ್ದೆ ಇಲ್ಲದ ರಾತ್ರಿ, ಕುಗ್ಗಿದ ಮನಸ್ಸು. ಪಿಡಿಕ್ಯೂ-39 ಅಂತ ಒಂದು ಪ್ರಶ್ನಾವಳಿ ಐತೆ. 39 ಪ್ರಶ್ನೆ, 8 ಭಾಗ: ಓಡಾಟ, ದಿನದ ಕೆಲಸ, ಮನಸ್ಸು, ಸಂಕೋಚ, ಮನೆಯವರ ಆಸರೆ, ಯೋಚನಾಶಕ್ತಿ, ಮಾತುಕತೆ, ಮೈನೋವು. ಎಲ್ಲಾ ಕಳೆದ ಒಂದು ತಿಂಗಳದ್ದು. ಅದರಲ್ಲಿ ನಡುಕಕ್ಕೆ ಅಂತ ಬೇರೆ ಭಾಗಾನೇ ಇಲ್ಲ, ನೋಡ್ರಿ. ನಿಮ್ಮ ಹಾಳೆಗೆ ಆ 8 ತಲೆಬರಹ ಹಾಕಿ ಆರು ತಿಂಗಳಿಗೊಮ್ಮೆ ತುಂಬಿಸಿದರೆ ಸಾಕು, ಯಾವ ಕಡೆ ಜಾರ್ತಿದೆ ಅಂತ ತಿಳಿಯುತ್ತೆ.

ಸಿಡ್ನಿಯಲ್ಲಿ 149 ಹೊಸ ರೋಗಿಗಳನ್ನ ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ ಒಂದಿದೆ. 15 ವರ್ಷ ದಾಟಿ ಬದುಕಿದ್ದವರಲ್ಲಿ ಶೇ. 81 ಮಂದಿ ಬಿದ್ದಿದ್ದರು. ಗುಳಿಗೆಗೆ ಬಗ್ಗದ ತೊಂದರೆಗಳೇ ಅವರನ್ನ ಹೆಚ್ಚು ಕಾಡಿದ್ದು.

ಕೋಟೆ ಬೀದಿ
ಅದಕ್ಕೇ ಸಿಂಡೋಪಾ (ಪಾರ್ಕಿನ್ಸನ್‌ಗೆ ಕೊಡೋ ಲೆವೊಡೋಪಾ ಗುಳಿಗೆ) ಎಷ್ಟು ತಡವಾಗಿ ಶುರು ಮಾಡಿದರೆ ಅಷ್ಟು ಒಳ್ಳೇದು ಅಂತಾರೆ. ಬೇಗ ತಗೊಂಡರೆ ಐದು ವರ್ಷಕ್ಕೆ ಅದರ ಶಕ್ತಿ ಮುಗಿದುಹೋಗುತ್ತೆ, ಆಮೇಲೆ ಕೈಯಲ್ಲಿ ಏನೂ ಉಳಿಯಲ್ಲ.

ನರವಿಜ್ಞಾನ ಓದುಗ
@ಕೋಟೆ ಬೀದಿ, ಇದು ಹಳೆಯ ನಂಬಿಕೆ. ಜನರನ್ನು ಸುಮ್ಮನೆ ವರ್ಷಗಟ್ಟಲೆ ಬಿಗಿದ ಮೈಯಲ್ಲಿ ಕೂರಿಸಿದೆ. 2019ರಲ್ಲಿ ಪ್ರಕಟವಾದ ಲೀಪ್ ಪ್ರಯೋಗದಲ್ಲಿ 445 ರೋಗಿಗಳಿದ್ದರು. ಅರ್ಧ ಮಂದಿಗೆ ಮೊದಲಿಂದಲೇ ಲೆವೊಡೋಪಾ, ಉಳಿದವರಿಗೆ 40 ವಾರ ತಡವಾಗಿ. 80 ವಾರದ ಕೊನೆಗೆ ಎರಡೂ ಗುಂಪುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೇಗ ಕೊಟ್ಟಿದ್ದರಿಂದ ರೋಗ ನಿಧಾನವೂ ಆಗಲಿಲ್ಲ, ಹಾನಿಯೂ ಆಗಲಿಲ್ಲ. ಘಾನಾ ಮತ್ತು ಇಟಲಿಯ ರೋಗಿಗಳನ್ನು ಹೋಲಿಸಿದ 2014ರ ಅಧ್ಯಯನವೂ ಇದೆ. ಘಾನಾದಲ್ಲಿ ಗುಳಿಗೆ ಸಿಕ್ಕಿದ್ದೇ ತಡ. ಆದರೂ ಗುಳಿಗೆಯ ಏರಿಳಿತ, ಮೈ ತಾನಾಗಿ ಹೊರಳಾಡುವುದು ಶುರುವಾದದ್ದು ರೋಗದ ವಯಸ್ಸಿಗೆ ತಕ್ಕಂತೆ, ಗುಳಿಗೆ ನುಂಗಿದ ವರ್ಷಗಳಿಗೆ ತಕ್ಕಂತಲ್ಲ.

ಗುಳಿಗೆಯ ಶಕ್ತಿ ಮುಗಿಯುವುದಿಲ್ಲ. ಮೊದಲು ಮಿದುಳಿನಲ್ಲಿ ಉಳಿದ ಜೀವಕೋಶಗಳು ಡೋಪಮೈನನ್ನು (ಲೆವೊಡೋಪಾದಿಂದ ಆಗುವ, ಮೈಯ ಚಲನೆ ನಡೆಸುವ ರಾಸಾಯನಿಕ) ಕೂಡಿಟ್ಟು ಸ್ವಲ್ಪಸ್ವಲ್ಪವಾಗಿ ಬಿಡುತ್ತವೆ. ವರ್ಷ ಕಳೆದಂತೆ ಆ ಕಣಜ ಬರಿದಾಗುತ್ತದೆ. ರಕ್ತದಲ್ಲಿ ಲೆವೊಡೋಪಾ ಒಂದೂವರೆ ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಕಣಜ ಇಲ್ಲದ ಮೇಲೆ ರಕ್ತದಲ್ಲಿ ಇಳಿದಾಗಲೆಲ್ಲ ಮೈಯೂ ಇಳಿಯುತ್ತದೆ.

ಔಷಧಿ ಅಂಗಡಿ, ಸಿಂಧನೂರು
ಸರ್ ಹೇಳಿದ್ದು ಬರೋಬ್ಬರಿ ಅದ. ಆದ್ರ ಕೋಟೆ ಬೀದಿ ಅಣ್ಣಂದೂ ಪೂರಾ ತಪ್ಪಲ್ಲ, ಒಂದೇ ಸಲಕ್ಕ ದೊಡ್ಡ ಡೋಸ್ ಕೊಟ್ರ ಮೈ ಹೊರಳಾಡೋದು ಜಾಸ್ತಿ ಆಗ್ತದ. ಆರನೇ ವರ್ಷದ ಮ್ಯಾಲ ಆಟ ಇರೋದು ಗಡಿಯಾರದಾಗ. ಕಾಗದ ತಗೊಂಡು ಬರ್ಕೋರಿ:

ಸಿಂಡೋಪಾ 110 ಅಂದ್ರ ಲೆವೊಡೋಪಾ 100, ಕಾರ್ಬಿಡೋಪಾ 10 ಮಿಲಿಗ್ರಾಂ. ಪ್ಲಸ್ ಅಂದ್ರ 100 ಮತ್ತ 25. 275 ಅಂದ್ರ 250 ಮತ್ತ 25. ಕಾರ್ಬಿಡೋಪಾ ಇರೋದು ಲೆವೊಡೋಪಾ ಮಿದುಳು ಮುಟ್ಟೋ ಮೊದಲ ಹೊಟ್ಟಿ, ರಕ್ತದಾಗ ಹಾಳಾಗಬಾರದು ಅಂತ. ಅದು ದಿನಕ್ಕ 70ರಿಂದ 100 ಮಿಲಿಗ್ರಾಂ ಬೇಕು. 110ನ್ನ ದಿನಕ್ಕ ಮೂರು ಸಲ ತಗೊಂಡ್ರ ಬರೇ 30 ಆಯ್ತು. ಅದಕ್ಕ ಓಕರಿಕಿ. "ನನಗ ಸಿಂಡೋಪಾ ಒಗ್ಗಂಗಿಲ್ಲ" ಅಂತ ಬಿಟ್ಟವರು ಭಾಳ ಮಂದಿ, ಅವರಿಗೆ ಒಗ್ಗದಿದ್ದದ್ದು ಅಳತಿ. ಪ್ಲಸ್‌ಗೆ ಬದಲಿ ಮಾಡಬಹುದೇನು ಅಂತ ಡಾಕ್ಟರನ್ನ ಕೇಳ್ರಿ. ತಾವಾಗೇ ಬದಲಿ ಮಾಡಬ್ಯಾಡ್ರಿ.

ಊಟಕ್ಕ ಅರ್ಧ ತಾಸು ಮೊದಲ, ಇಲ್ಲಾ ಊಟ ಆಗಿ ಒಂದು ತಾಸು ಬಿಟ್ಟು. ಒಂದು ಪೂರಾ ಗ್ಲಾಸ್ ನೀರು. ಕಬ್ಬಿಣದ ಗುಳಿಗಿ ಇದ್ರ ಎರಡು ತಾಸು ಅಂತರ. ಸಿಆರ್ ಅಂತ ಬರೆದಿದ್ದನ್ನ ಪುಡಿ ಮಾಡಬಾರದು, ನಿಧಾನಕ ಬಿಡೋ ಕಟ್ಟಡನೇ ಒಡೀತದ.

ಕೊಪ್ಪಳ ಆರೈಕೆ
ಅಣ್ಣಾ, ಗುಳಿಗಿ ಹತ್ತೇತೋ ಇಳಿದೈತೋ ಅನ್ನೋದನ್ನ ಮನಿಯವರು ಬರದಿಡೋದು ಹೆಂಗ?

ನಡಿಗೆ ಪಾಠ, ಬಳ್ಳಾರಿ
ಡಾಕ್ಟರ್ ಭೇಟಿಗೆ ಮೊದಲಿನ ಮೂರು ದಿನ ಸಾಕು. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಅರ್ಧರ್ಧ ಗಂಟೆಗೆ ಹಾಳೆಯಲ್ಲಿ ಒಂದೊಂದು ಚೌಕದ ಮನೆ. ನಾಲ್ಕೇ ಗುರುತು: ಹತ್ತಿದೆ, ಇಳಿದಿದೆ, ಹೊರಳಾಟ, ನಿದ್ದೆ. ಗುಳಿಗೆ ತಗೊಂಡ ಹೊತ್ತಿಗೆ ಚುಕ್ಕೆ, ಊಟಕ್ಕೆ ಗೀಟು. ಇಷ್ಟು ಹಿಡ್ಕೊಂಡು ಹೋದ್ರೆ ಡಾಕ್ಟರ್ ಐದೇ ನಿಮಿಷದಲ್ಲಿ ಡೋಸ್ ಸರಿ ಮಾಡ್ತಾರೆ. ಮುಂದಿನ ಡೋಸ್‌ಗೆ ಮುಂಚೆನೇ ಬಿಗಿ ಬಂದ್ರೆ ಒಂದು ದಾರಿ, ಗುಳಿಗೆ ಹತ್ತಿದ ತುದಿಯಲ್ಲಿ ಹೊರಳಾಟ ಬಂದ್ರೆ ಇನ್ನೊಂದು ದಾರಿ. ಎರಡಕ್ಕೂ ಮನೆಯವರು ಹೇಳೋ ಮಾತು "ನಡುಗ್ತಾರೆ" ಅಂತಲೇ. ಅಲ್ಲೇ ಉಲ್ಟಾ ಆಗೋದು: ಹೊರಳಾಟವನ್ನ ನಡುಕ ಅಂದ್ಕೊಂಡು ಗುಳಿಗೆ ಏರಿಸಿಬಿಡ್ತಾರೆ.

ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯೆಲ್ಲ ಕೂತು ಬೆಂಗಳೂರಿಗೆ ನಿಮ್ಹಾನ್ಸ್‌ಗೆ ಹೋಗೋರು ಗುಳಿಗೆ ಕೈಚೀಲದಲ್ಲೇ ಇಟ್ಕೊಳ್ಳಬೇಕು, ದೊಡ್ಡ ಪೆಟ್ಟಿಗೆಯಲ್ಲಿ ಅಲ್ಲ. ಇಳಿದ ಹೊತ್ತಿನದು, ಹತ್ತಿದ ಹೊತ್ತಿನದು, ಮೊಬೈಲ್‌ನಲ್ಲಿ ಎರಡೆರಡು ನಿಮಿಷದ ವಿಡಿಯೋ ಇರಲಿ. ಡಾಕ್ಟರ್ ಎದುರಿಗೆ ಕೂತಾಗ ರೋಗಿ ಯಾವ ಸ್ಥಿತೀಲಿ ಇರ್ತಾರೋ ಹೇಳೋಕಾಗಲ್ಲ.

ನುಚ್ಚು ಸಂಗಟಿ
ಬೇಳೆ, ಮೊಸರು ಪೂರ್ತಿ ಬಿಡಬೇಕು ಅಂತ ಯಾರೋ ಹೇಳಿದ್ರು. ಖರೇನಾ?

ಔಷಧಿ ಅಂಗಡಿ, ಸಿಂಧನೂರು
ಬಿಡಬಾರದು ಅಕ್ಕಾ! ಪ್ರೋಟೀನಿನ ಅಂಶ, ಲೆವೊಡೋಪಾ ಎರಡೂ ಕರುಳಿಂದ ರಕ್ತಕ್ಕ, ರಕ್ತದಿಂದ ಮಿದುಳಿಗೆ ಹೋಗೋದು ಒಂದೇ ಬಾಗಿಲಿನಾಗ. ನೂಕಾಟ ಆಗ್ತದ. ಆದ್ರ ಇದು ಎಲ್ಲಾರಿಗೂ ಗೊತ್ತಾಗೋ ಮಟ್ಟಿಗೆ ಆಗಂಗಿಲ್ಲ. ದಿನಚರಿ ಹಾಳ್ಯಾಗ ಊಟದ ಮ್ಯಾಲ ಗುಳಿಗಿ ಹತ್ತಂಗಿಲ್ಲ ಅಂತ ಕಂಡ್ರ ಮಾತ್ರ ಹೊತ್ತು ಬದಲಿಸ್ರಿ. ಮುಂಜಾನಿ ಮಧ್ಯಾಹ್ನ ರೊಟ್ಟಿ, ಕಾಯಿಪಲ್ಯ, ಅನ್ನ, ತಿಳಿಸಾರು. ಕಾಳಿನ ಪಲ್ಯ, ಗಟ್ಟಿ ಬ್ಯಾಳಿ, ತತ್ತಿ, ಶೇಂಗಾ ರಾತ್ರಿ ಊಟಕ್ಕ. ಒಟ್ಟು ಪ್ರಮಾಣ ಕಮ್ಮಿ ಆಗಬಾರದು, ಈ ರೋಗದಾಗ ತೂಕ ಇಳಿಯೋದೇ ದೊಡ್ಡ ಪೆಟ್ಟು.

ನುಂಗು ನುಡಿ
ಊಟದ ಮಾತು ಬಂತು, ಅದಕ್ಕೆ ಸೇರಿಸ್ತೀನಿ. ಕೊನೆಯ ವರ್ಷಗಳಲ್ಲಿ ಜೀವ ತೆಗೆಯುವ ಮುಖ್ಯ ಕಾರಣಗಳಲ್ಲಿ ಶ್ವಾಸಕೋಶದ ಸೋಂಕು ಒಂದು. ಬಹಳ ಸಲ ಅದು ಅನ್ನ ನೀರು ದಾರಿ ತಪ್ಪಿ ಶ್ವಾಸನಾಳಕ್ಕೆ ಇಳಿದು ಬಂದದ್ದು. ಸುಳಿವು: ನೀರು ಕುಡಿಯುವಾಗ ಕೆಮ್ಮು, ಊಟ ಆದಮೇಲೆ ಗುರುಗುಟ್ಟುವ ದನಿ, ಊಟಕ್ಕೆ ಅರ್ಧ ತಾಸಿಗಿಂತ ಹೆಚ್ಚು ಹೊತ್ತು, ಕಾರಣ ಇಲ್ಲದೆ ಪದೇ ಪದೇ ಜ್ವರ. ಕೆಲವರಿಗೆ ಕೆಮ್ಮೇ ಬರುವುದಿಲ್ಲ, ಅದು ಇನ್ನೂ ಅಪಾಯ.

ನಮ್ಮ ಕಡೆ ತಿಂಡಿಯಲ್ಲಿ ತುಂಬಾ ಹುಷಾರಿರಬೇಕಾದ್ದು ಒಣ ಮಂಡಕ್ಕಿ, ಚಟ್ನಿಪುಡಿ ಉದುರಿಸಿದ ಒಣ ರೊಟ್ಟಿ, ಖಡಕ್ ರೊಟ್ಟಿ. ಬಾಯಲ್ಲಿ ಉಂಡೆ ಕಟ್ಟದೆ ಚೂರುಚೂರಾಗಿ ಚೆದುರುತ್ತವೆ. ಸಾರು ಅನ್ನವನ್ನೂ ನೋಡಿಕೊಳ್ಳಿ, ತೆಳುವಾದದ್ದು ಮತ್ತು ಗಟ್ಟಿಯಾದದ್ದು ಒಂದೇ ತುತ್ತಿನಲ್ಲಿ ಬಂದರೆ ನುಂಗುವುದು ಕಷ್ಟ. ಬಿಸಿ ಮೆತ್ತನೆ ರೊಟ್ಟಿ ಬೇಳೆಯಲ್ಲಿ ನೆನೆಸಿದ್ದು, ನುಚ್ಚು, ಸಂಗಟಿ, ಗಟ್ಟಿ ಅಂಬಲಿ ವಾಸಿ. ಮಂಡಕ್ಕಿ ಬಿಡಲಾರದವರಿಗೆ ಚೆನ್ನಾಗಿ ನೆನೆಸಿ ಹಿಂಡಿದ ಸೂಸ್ಲಾ, ಶೇಂಗಾ ಕಾಳು ಇಲ್ಲದೆ. ನೆಟ್ಟಗೆ ಕೂತು, ಗದ್ದ ಎದೆಯ ಕಡೆ ಸ್ವಲ್ಪ ಬಗ್ಗಿಸಿ, ಸಣ್ಣ ತುತ್ತು, ಎರಡು ಸಲ ನುಂಗುವುದು, ಊಟ ಆದಮೇಲೆ ಅರ್ಧ ತಾಸು ಮಲಗದಿರುವುದು. ಗದ್ದ ಬಗ್ಗಿಸುವುದು ಎಲ್ಲರಿಗೂ ಹೊಂದುವುದಿಲ್ಲ, ಒಮ್ಮೆ ವಾಕ್ ಚಿಕಿತ್ಸಕರಿಗೆ ತೋರಿಸಿ. ಗುಳಿಗೆ ಹತ್ತಿದ ಹೊತ್ತಲ್ಲೇ ಊಟ, ಇದು ಮರೆಯಬೇಡಿ.

ದನಿ ಇಳಿಯುವುದಕ್ಕೂ ಚಿಕಿತ್ಸೆ ಇದೆ. ಎಲ್‌ಎಸ್‌ವಿಟಿ ಪದ್ಧತಿಯಲ್ಲಿ ವಾರಕ್ಕೆ 4 ದಿನದಂತೆ 4 ವಾರ, ಒಟ್ಟು 16 ಪಾಠ. ತಿರುಳು ಒಂದೇ, ಜೋರಾಗಿ. ರೋಗಿಗೆ ತನ್ನ ಪಿಸುದನಿಯೇ ಸರಿಯಾದ ದನಿ ಅನ್ನಿಸುತ್ತಿರುತ್ತದೆ. ಭಜನಾ ಮಂಡಳಿಯವರು ಕರೆದರೆ ಹೋಗಲಿ, ಗಟ್ಟಿ ದನಿಯ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಬಿಸಿಲೂರು, ರಾಯಚೂರು
ಭಜನಿ ಮಾತು ಖರೇ ಅದ ಮೇಡಂ. ಮಂದಿ ನೋಡ್ತಾರಂತ ಹೊರಗ ಬರೋದು ಬಿಡ್ತಾರಲ್ಲ, ಅಲ್ಲಿಂದನ ಮನಸ್ಸು ಕುಗ್ಗೋದು ಶುರು.

ನರವಿಜ್ಞಾನ ಓದುಗ
ಮನಸ್ಸು ಕುಗ್ಗುವುದಕ್ಕೆ ಸಂಕೋಚ ಒಂದೇ ಕಾರಣವಲ್ಲ. ಖಿನ್ನತೆ ಈ ರೋಗದ ಅಂಗವೇ. ಡೋಪಮೈನ್ ಜೊತೆಗೆ ಸೆರೊಟೋನಿನ್, ನಾರ್‌ಅಡ್ರಿನಲಿನ್ ವ್ಯವಸ್ಥೆಗಳೂ ಸವೆಯುತ್ತವೆ. ಕೆಲವರಲ್ಲಿ ಕೈ ನಡುಗುವ ವರ್ಷಗಳ ಮೊದಲೇ ಬಂದಿರುತ್ತದೆ, ವಾಸನೆ ತಿಳಿಯದಿರುವುದು ಮತ್ತು ಮಲಬದ್ಧತೆಯ ಹಾಗೆ. ಮುಖದ ಸ್ನಾಯು ಬಿಗಿಯಾಗಿ ಭಾವ ಕಾಣುವುದಿಲ್ಲ. ಹಾಗಾಗಿ ದುಃಖ ಇಲ್ಲದವರನ್ನು ದುಃಖಿ ಅಂದುಕೊಳ್ಳುತ್ತಾರೆ, ಇದ್ದವರದ್ದು ಗೊತ್ತೇ ಆಗುವುದಿಲ್ಲ. ಬಾಯಿಬಿಟ್ಟು ಕೇಳಬೇಕು. ಜೀವನದ ಗುಣಮಟ್ಟವನ್ನು ಅತಿ ಹೆಚ್ಚು ಕುಗ್ಗಿಸುವ ಸಂಗತಿಗಳಲ್ಲಿ ಖಿನ್ನತೆ ಮೊದಲ ಸಾಲಿನಲ್ಲಿದೆ, ಮತ್ತು ಅದಕ್ಕೆ ಔಷಧಿ ಇದೆ.

ಇದರ ಜೊತೆ ಒಂದು ಎಚ್ಚರಿಕೆ. ಪಾರ್ಕಿನ್ಸನ್‌ಗೇ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಗುಳಿಗೆ ತಗೊಳ್ಳುವವರಲ್ಲಿ ಕೆಲವರಿಗೆ ತಡೆಯಲಾರದ ಚಟ ಹತ್ತುತ್ತದೆ: ಇಸ್ಪೀಟು, ಮಟಕಾ, ಮೊಬೈಲ್‌ನಲ್ಲಿ ರಮ್ಮಿ, ಬೇಡದ ಖರೀದಿ, ಕಾಮದ ಆತುರ. ಹಿಂದೆಂದೂ ಎಲೆ ಮುಟ್ಟದವರೂ ಸಾಲ ಮಾಡಿ ಆಡಬಹುದು. ಅದು ಗುಳಿಗೆಯ ಪರಿಣಾಮ, ನಡತೆ ಕೆಟ್ಟಿದ್ದಲ್ಲ. ಬೈಯುವ ಮೊದಲು ಡಾಕ್ಟರಿಗೆ ಹೇಳಿ, ಅವರು ಹಂತಹಂತವಾಗಿ ಇಳಿಸುತ್ತಾರೆ. ತಟ್ಟನೆ ನಿಲ್ಲಿಸಿದರೆ ಬೇರೆ ಕಷ್ಟ.

ಕೋಟೆ ಬೀದಿ
ಇದು ಹೊಸ ವಿಷಯ ಸರ್, ಒಪ್ಪಿದೆ. ಹಾಗಾದರೆ ನಸುಗುನ್ನಿ ಬೀಜದ ಪುಡಿ? ಅದು ಗಿಡದ್ದು, ಅಡ್ಡ ಪರಿಣಾಮ ಇಲ್ಲ ಅಂತಾರಲ್ಲ.

ಔಷಧಿ ಅಂಗಡಿ, ಸಿಂಧನೂರು
ನಸುಗುನ್ನ್ಯಾಗ ಇರೋದೂ ಲೆವೊಡೋಪಾನ ಅಣ್ಣಾ. 1937ರಾಗ ಮದ್ರಾಸಿನ ವಿಜ್ಞಾನಿಗಳು ಆ ಬೀಜದಿಂದ ಅದನ್ನ ಬೇರೆ ಮಾಡಿ ತೋರ್ಸ್ಯಾರ. ಸಿಂಡೋಪಾ ಜೊತಿಗೆ ಪುಡಿನೂ ತಗೊಂಡ್ರ ಎರಡು ಡೋಸ್ ಆದಂಗ. ಹೊರಳಾಟ, ಬಿಪಿ ಇಳಿಯೋದು, ಓಕರಿಕಿ. ಪುಡಿಯಿಂದ ಪುಡಿಗೆ ಪ್ರಮಾಣ ಬ್ಯಾರೆ, ಅದರಾಗ ಕಾರ್ಬಿಡೋಪಾ ಇಲ್ಲ. ತಗೊಳ್ತಿದ್ರ ಮುಚ್ಚಿಡಬ್ಯಾಡ್ರಿ, ಡಾಕ್ಟರಿಗೆ ಹೇಳ್ರಿ. ಡೋಸ್ ಲೆಕ್ಕಾ ಪೂರಾ ತಪ್ಪೋದು ಅಲ್ಲೇ.

ಇದಕ್ಕಿಂತ ಜಾಸ್ತಿ ಕಾಣೋ ತಪ್ಪು ಬ್ಯಾರೆ ಅದ. ಹೊಟ್ಟಿ ಉಬ್ಬರ, ಹುಳಿತೇಗು ಅಂತ ಹೋದ್ರ ಪ್ಯಾಂಟೊಪ್ರಜೋಲ್ ಇಲ್ಲಾ ರಾಬೆಪ್ರಜೋಲ್ ಜೊತಿ ಲೆವೊಸಲ್ಪಿರೈಡ್ ಕೂಡಿಸಿದ ಕ್ಯಾಪ್ಸೂಲ್ ಸಿಗ್ತದ. ಲೆವೊಸಲ್ಪಿರೈಡ್ ಡೋಪಮೈನಿನ ಬಾಗಿಲು ಮುಚ್ತದ. ವಾಂತಿಗೆ ಮೆಟೊಕ್ಲೊಪ್ರಮೈಡ್, ತಲಿ ತಿರುಗಿದ್ರ ಪ್ರೊಕ್ಲೋರ್‌ಪೆರಜೀನ್, ಸಿನ್ನರಿಜೀನ್, ಫ್ಲುನರಿಜೀನ್, ಎಲ್ಲಾ ಅದೇ ಜಾತಿ ತೊಂದರಿ. ಪಾರ್ಕಿನ್ಸನ್ ಇದ್ದವರಿಗೆ ರೋಗ ಜಿಗಿದು ಮುಂದ ಹೋದಂಗ ಕಾಣ್ತದ. ಇಲ್ಲದವರಿಗೂ ಪಾರ್ಕಿನ್ಸನ್ ಬಂದಂಗ ಆಗ್ತದ, ನಿಲ್ಲಿಸಿದ ಮ್ಯಾಲ ಹೋಗಾಕ ವಾರಗಳು, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ವಾಂತಿಗೆ ಬೇಕಂದ್ರ ಡಾಂಪೆರಿಡೋನ್, ಅದು ಮಿದುಳಿಗೆ ಹೆಚ್ಚು ದಾಟಂಗಿಲ್ಲ. ಹೃದಯದ ತೊಂದರಿ ಇದ್ರ ಅದಕ್ಕೂ ಡಾಕ್ಟರನ್ನ ಕೇಳಬೇಕು. ಈ ಹೆಸರುಗಳನ್ನ ದೊಡ್ಡಕ್ಷರದಾಗ ಹಾಳಿ ಮ್ಯಾಲ ಹಾಕ್ರಿ.

ಕೊಪ್ಪಳ ಆರೈಕೆ
ಹಾಕಿದ್ವಿ ಅಣ್ಣಾ, ಮೊದಲನೇ ಪುಟದ ಮ್ಯಾಲೇ.

ಗಣಿ ಧೂಳು, ಸಂಡೂರು
ನಡುವೆ ಬಾಯಿ ಹಾಕ್ತಿದ್ದೀನಿ. ಸಂಡೂರು ಕಡೆ ಮ್ಯಾಂಗನೀಸ್ ಗಣಿಗಳು ಇದಾವೆ. ಮ್ಯಾಂಗನೀಸ್ ಧೂಳಿನಿಂದ ಪಾರ್ಕಿನ್ಸನ್ ಬರುತ್ತೆ ಅಂತಾರೆ, ನಿಜಾನಾ? ಕಬ್ಬಿಣದ ಅದಿರಿಗೂ ಅದೇ ಮಾತಾ?

ನರವಿಜ್ಞಾನ ಓದುಗ
ಕಬ್ಬಿಣದ ಅದಿರಿನ ಧೂಳಿಗೆ ಆ ಮಾತು ಇಲ್ಲ. ಮ್ಯಾಂಗನೀಸ್ ಧೂಳು ಅಥವಾ ಹೊಗೆಯನ್ನು ವರ್ಷಗಟ್ಟಲೆ ಉಸಿರಾಡಿದರೆ ಬರುವುದಕ್ಕೆ ಮ್ಯಾಂಗನಿಸಂ ಅನ್ನುತ್ತಾರೆ. 1837ರಲ್ಲಿ ಸ್ಕಾಟ್ಲೆಂಡಿನಲ್ಲಿ ಅದಿರು ಅರೆಯುವ ಕೆಲಸಗಾರರಲ್ಲಿ ಮೊದಲು ವರದಿಯಾಯಿತು, ಪಾರ್ಕಿನ್ಸನ್ ಎಂಬ ವೈದ್ಯರು ತಮ್ಮ ಪ್ರಬಂಧ ಬರೆದ 20 ವರ್ಷಕ್ಕೆ. ನೋಡಲು ಹತ್ತಿರ, ಒಳಗೆ ಬೇರೆ. ತುದಿಗಾಲಲ್ಲಿ ಹುಂಜದಂತೆ ನಡಿಗೆ, ಬೇಗನೆ ಹಿಂದಕ್ಕೆ ಬೀಳುವುದು, ಕೂತಾಗಿನ ನಡುಕ ಕಮ್ಮಿ, ಲೆವೊಡೋಪಾಗೆ ಉತ್ತರ ಸಿಗುವುದಿಲ್ಲ. ಅರೆಯುವುದು, ವೆಲ್ಡಿಂಗ್ ಮಾಡಿದವರು ಆ ಇತಿಹಾಸವನ್ನು ಡಾಕ್ಟರಿಗೆ ಮೊದಲೇ ಹೇಳಬೇಕು.

ಬಿಸಿಲೂರು, ರಾಯಚೂರು
ಭತ್ತ, ಹತ್ತಿಗೆ ಹೊಡಿಯೋ ಔಷಧ?

ನರವಿಜ್ಞಾನ ಓದುಗ
ಪ್ಯಾರಾಕ್ವಾಟ್ ಎಂಬ ಕಳೆನಾಶಕ, ರೊಟಿನೋನ್ ಎಂಬ ಕೀಟನಾಶಕಕ್ಕೂ ಪಾರ್ಕಿನ್ಸನ್‌ಗೂ ನಂಟು ಹಲವು ಅಧ್ಯಯನಗಳಲ್ಲಿ ಕಂಡಿದೆ. ಒಬ್ಬ ರೋಗಿಯನ್ನು ತೋರಿಸಿ ಇದರಿಂದಲೇ ಬಂತು ಅನ್ನಲಾಗದು. ಆದರೆ ಬರಿಗೈಯಲ್ಲಿ ಕಲಸುವುದು, ಗಾಳಿಗೆ ಎದುರಾಗಿ ಹೊಡೆಯುವುದು ನಿಲ್ಲಲೇಬೇಕು.

ಬಿಸಿಲೂರು, ರಾಯಚೂರು
ಸರಿ ಸರ್. ಬ್ಯಾಸಗಿ ಬಗ್ಗೆ ಯಾರೂ ಬರ್ದಿಲ್ಲ, ಅದಕ್ಕ ಹೇಳ್ತೀನಿ. ಏಪ್ರಿಲ್ ಮೇದಾಗ ನಮ್ಮಲ್ಲಿ 40 ಡಿಗ್ರಿ ದಾಟ್ತದ. ಈ ರೋಗದಾಗ ನಿಂತಾಗ ಬಿಪಿ ಇಳಿಯೋದು ಮೊದಲ ಇರ್ತದ, ಗುಳಿಗಿನೂ ಇಳಿಸ್ತದ, ಬೆವತು ನೀರು ಹೋದ್ರ ಮುಗೀತು. ಮನ್ಯಾಗ ಬಿಪಿ ಯಂತ್ರ ಇದ್ರ 5 ನಿಮಿಷ ಮಲಗಿಸಿ ಒಮ್ಮಿ, ನಿಂತು 1 ನಿಮಿಷಕ್ಕ, 3 ನಿಮಿಷಕ್ಕ ನೋಡ್ರಿ. ಮ್ಯಾಲಿನ ಅಂಕಿ 20, ಇಲ್ಲಾ ಕೆಳಗಿಂದು 10 ಇಳಿದ್ರ ಡಾಕ್ಟರಿಗೆ ತೋರಸ್ರಿ. ಹತ್ತು ವರ್ಷದ ಹಿಂದ ಬರೆದ ಬಿಪಿ ಗುಳಿಗಿ ಹಂಗೇ ನುಂಗ್ತಿರ್ತಾರ, ಅದನ್ನ ಕಮ್ಮಿ ಮಾಡಬೇಕಾಗಿರ್ತದ. ಮಂಚದ ತಲಿಕಡಿ ಕಾಲಿಗೆ ಎರಡೆರಡು ಇಟ್ಟಂಗಿ. ಏಳೋ ಮೊದಲ ಎರಡು ಗ್ಲಾಸ್ ನೀರು ಒಂದೇ ಸಲಕ್ಕ. ಹೊಟ್ಟಿ ಬಿರಿಯೋವಂಗ ಉಂಡ್ರೂ ಬಿಪಿ ಇಳೀತದ. ಹೃದಯ, ಕಿಡ್ನಿ ತೊಂದರಿ ಇದ್ದವರು ನೀರು ಉಪ್ಪಿನ ಲೆಕ್ಕಾ ಡಾಕ್ಟರ್ ಹತ್ರ ಹಾಕಿಸ್ಕೋಬೇಕು.

ನೀರು ಕಮ್ಮಿ ಆದ್ರ ಮಲಬದ್ಧತೆನೂ ಬಿಗೀತದ, ಹೊಟ್ಟಿ ಕಟ್ಟಿದ ದಿನ ಗುಳಿಗಿನೂ ತಡವಾಗಿ ಹತ್ತತದ. ಇಸಬಗೋಲ್‌ಗೆ ಸಾಕಷ್ಟು ನೀರು ಕುಡೀಲಿಲ್ಲಂದ್ರ ಅದೇ ಗಂಟಾಗಿ ಕೂಡ್ತದ.

ನಡಿಗೆ ಪಾಠ, ಬಳ್ಳಾರಿ
ಮನೆಯೊಳಗಿನದು ನಾನು ಬರೀತೀನಿ, ಉದ್ದ ಆಗುತ್ತೆ.

ಹೆಜ್ಜೆ ನೆಲಕ್ಕೆ ಅಂಟಿಕೊಳ್ಳೋದು ಮೂರು ಜಾಗದಲ್ಲಿ: ಬಾಗಿಲು, ತಿರುವು, ಇಕ್ಕಟ್ಟು. ಕೈ ಹಿಡಿದು ಎಳೀಬೇಡ್ರಿ, ಮೈ ಮುಂದೆ ಬರುತ್ತೆ, ಕಾಲು ಬರಲ್ಲ, ಮುಖ ಅಡಿಯಾಗಿ ಬೀಳ್ತಾರೆ. ನಿಲ್ಲಿಸಿ, ನೆಟ್ಟಗಾಗಲಿ, ಭಾರ ಎಡಕ್ಕೆ ಬಲಕ್ಕೆ ತೂಗಲಿ, ಆಮೇಲೆ "ಒಂದು" ಅಂತ ಹೇಳಿ ದೊಡ್ಡ ಹೆಜ್ಜೆ. ನೆಲದ ಮೇಲಿನ ಅಡ್ಡಗೆರೆ ದಾಟೋದು ಅವರಿಗೆ ಸುಲಭ, ಯಾಕಂದ್ರೆ ತಾನಾಗಿ ನಡೆಸೋ ದಾರಿ ಸವೆದಿದ್ರೂ ಕಣ್ಣು ನೋಡಿ ನಡೆಸೋ ದಾರಿ ಉಳಿದಿರುತ್ತೆ. ನಮ್ಮ ಕಡೆ ಶಹಾಬಾದ್ ಫರ್ಸಿ ಹಾಕಿದ ಮನೆಗಳಲ್ಲಿ ಸಂದು ಗೆರೆ ಮೊದಲೇ ಇರುತ್ತೆ. ಆದ್ರೆ ಎರಡಡಿ ಕಲ್ಲಾದ್ರೆ ಗೆರೆಯಿಂದ ಗೆರೆಗೆ 60 ಸೆಂಟಿಮೀಟರ್, ಹೆಜ್ಜೆ ಸಣ್ಣಗಾದವರಿಗೆ ಅದು ದೂರ. ನಡುವೆ ಒಂದು ಬಣ್ಣದ ಟೇಪ್ ಅಂಟಿಸಿ, ಅವರ ಹೆಜ್ಜೆ ಅಳೆದು. ಹೊಸ್ತಿಲ ಮೇಲೆ ಹಳದಿ ಟೇಪ್.

ನಿಂತಲ್ಲೇ ಗಿರ್ರನೆ ತಿರುಗಬಾರದು, ಅಗಲವಾಗಿ ಸುತ್ತು ಹಾಕಬೇಕು. ನಡೆಯುವಾಗ ಮಾತಾಡಿಸಬೇಡಿ, ಕೈಯಲ್ಲಿ ಚಹಾ ಲೋಟ ಕೊಡಬೇಡಿ. ಹಗ್ಗದ ನುಲಿ ಮಂಚ, ತಗ್ಗಿನ ಸೋಫಾ ಎರಡೂ ಬೇಡ, ನಡು ಹೂತುಹೋಗಿ ಏಳೋಕಾಗಲ್ಲ. ಪ್ಲಾಸ್ಟಿಕ್ ಕುರ್ಚಿ ಹಗುರ, ಕೈ ಊರಿದ್ರೆ ಹಿಂದೆ ಜಾರುತ್ತೆ. ತೋಳಿರೋ ಕಟ್ಟಿಗೆ ಕುರ್ಚಿ ಇರಲಿ. ಏಳೋಕೆ ಮೊದಲು ಅಂಚಿಗೆ ಸರಿಯೋದು, ಪಾದ ಹಿಂದಕ್ಕೆ ಎಳೆಯೋದು, ಮೂಗು ಮೊಣಕಾಲು ದಾಟುವಷ್ಟು ಬಗ್ಗೋದು, ಆಮೇಲೆ ಎದ್ದೇಳೋದು. ಬಚ್ಚಲಲ್ಲಿ ಟವಲ್ ರಾಡ್ ಹಿಡಿದ್ರೆ ಕಿತ್ತು ಬರುತ್ತೆ. ಸ್ಟೀಲ್ ಹಿಡಿಕೆಯನ್ನ ಗೋಡೆಯ ಇಟ್ಟಿಗೆಗೆ ತಲುಪೋ ಬೋಲ್ಟ್ ಹಾಕಿ ಕೂರಿಸಬೇಕು, ನೆಲದಿಂದ 33ರಿಂದ 36 ಇಂಚು. ರಾತ್ರಿ ಹೊರಳೋಕೆ ಆಗದವರಿಗೆ ಸೊಂಟದ ಅಡಿ ಮಾತ್ರ ನುಣುಪಾದ ಸ್ಯಾಟಿನ್ ಬಟ್ಟೆ. ಪೂರ್ತಿ ಹಾಸಿದ್ರೆ ಮಂಚದಿಂದ ಜಾರ್ತಾರೆ.

ವ್ಯಾಯಾಮ ಗುಳಿಗೆಯಷ್ಟೇ ಮುಖ್ಯ, ಬಿಡಿಸಬೇಡಿ. ವಾರಕ್ಕೆ 150 ನಿಮಿಷ, ಉಸಿರು ಏರುವ ಹಾಗೆ. ಮೊದಲ ವರ್ಷದಿಂದಲೇ.

ನುಚ್ಚು ಸಂಗಟಿ
ರಾತ್ರಿ ಕೋಣೆಯಲ್ಲಿ ಮಕ್ಕಳು ಕಾಣ್ತಾರೆ, ಯಾರೋ ಬಂದಾರೆ ಅಂತಾರಲ್ಲ. ದೆವ್ವ ಹಿಡಿದೈತೆ ಅಂತ ಕರ್ಕೊಂಡು ಹೋಗ್ತಾರೆ. ಅದಕ್ಕೇನು?

ನರವಿಜ್ಞಾನ ಓದುಗ
ಅದು ಭ್ರಮೆ. ರೋಗದಿಂದಲೂ ಬರುತ್ತದೆ, ಗುಳಿಗೆಯಿಂದಲೂ. ತಟ್ಟನೆ ಶುರುವಾಗಿದ್ದರೆ ಮೊದಲು ಮೂತ್ರ ಸೋಂಕು, ಶ್ವಾಸಕೋಶದ ಸೋಂಕು, ಸೋಡಿಯಂ, ನೀರಿನ ಕೊರತೆ ನೋಡಬೇಕು. ಒಂದೆರಡು ದಿನದಲ್ಲಿ ನಡಿಗೆ ಕೆಟ್ಟುಹೋದರೂ ಹಾಗೆಯೇ, ಪಾರ್ಕಿನ್ಸನ್ ಎರಡು ದಿನದಲ್ಲಿ ಮುಂದುವರಿಯುವುದಿಲ್ಲ. ಆಮೇಲೆ ಡಾಕ್ಟರು ಸಾಮಾನ್ಯವಾಗಿ ಟ್ರೈಹೆಕ್ಸಿಫೆನಿಡಿಲ್, ಅಮಾಂಟಡೀನ್, ನಂತರ ಪ್ರಾಮಿಪೆಕ್ಸೋಲ್ ಜಾತಿಯವು ಇಳಿಸುತ್ತಾರೆ, ಲೆವೊಡೋಪಾ ಕೊನೆಗೆ. ಭ್ರಮೆಗೆ ಅಂತ ಹ್ಯಾಲೋಪೆರಿಡಾಲ್ ಕೊಟ್ಟರೆ ಮೈ ಕಟ್ಟಿಗೆಯಾಗುತ್ತದೆ. ಕ್ವೆಟಿಯಪಿನ್ ಅಥವಾ ರಕ್ತಪರೀಕ್ಷೆ ಮಾಡಿಸುತ್ತಾ ಕ್ಲೋಜಪಿನ್ ಬಳಸುತ್ತಾರೆ.

ಕೋಟೆ ಬೀದಿ
ಮಿದುಳಿಗೆ ಬ್ಯಾಟರಿ ಹಾಕೋ ಆಪರೇಷನ್ ಮಾಡಿಸಿದರೆ ಇದೆಲ್ಲ ತಪ್ಪುತ್ತಾ?

ನರವಿಜ್ಞಾನ ಓದುಗ
ಇಲ್ಲ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಾಬಿದ್ ಎಂಬ ವೈದ್ಯರು ಶುರು ಮಾಡಿದ ಡಿಬಿಎಸ್ (ಅದೇ ಬ್ಯಾಟರಿ ಆಪರೇಷನ್) ರೋಗ ವಾಸಿ ಮಾಡುವುದಿಲ್ಲ. ಗುಳಿಗೆ ಹತ್ತಿದಾಗ ಏನು ಸರಿಯಾಗುತ್ತದೋ ಅದು ದಿನವಿಡೀ ಉಳಿಯುತ್ತದೆ, ನಡುಕವೂ ಇಳಿಯುತ್ತದೆ. ಗುಳಿಗೆ ಹತ್ತಿದಾಗಲೂ ಬೀಳುವವರು, ಮರೆವು ಬಂದವರು, ದನಿ ಹೋದವರಿಗೆ ಅದರಿಂದ ಲಾಭ ಕಮ್ಮಿ. ಏರಿಳಿತ ಮತ್ತು ಹೊರಳಾಟವೇ ಮುಖ್ಯ ತೊಂದರೆ ಆದವರಿಗೆ ಒಳ್ಳೆಯದು. ರೀಚಾರ್ಜ್ ಆಗದ ಬ್ಯಾಟರಿ ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು, ಆ ಖರ್ಚನ್ನೂ ಮೊದಲೇ ಲೆಕ್ಕ ಹಾಕಬೇಕು.

ಔಷಧಿ ಅಂಗಡಿ, ಸಿಂಧನೂರು
ಇನ್ನೊಂದು ಮರ್ತಿದ್ದೆ. ಏಕಾದಶಿ, ಶ್ರಾವಣ ಸೋಮವಾರ, ರಂಜಾನ್ ಉಪವಾಸ ಅಂತ ಸಿಂಡೋಪಾ ಬಿಡಬಾರದು. ಆಪರೇಷನ್ ದಿನ ಏನೂ ತಿನಬ್ಯಾಡ್ರಿ ಅಂದ್ರೂ ಡಾಕ್ಟರನ್ನ ಕೇಳಿ ಒಂದು ಗುಟುಕು ನೀರಾಗ ಗುಳಿಗಿ ಕೊಡಬೇಕು, ಇಲ್ಲಾ ಮೂಗಿನ ನಳಿಕ್ಯಾಗ. ಒಮ್ಮಿಂದೊಮ್ಮೆ ನಿಂತ್ರ ಮೈ ಬಿಗಿದು, ಜ್ವರ ಏರಿ, ಪ್ರಜ್ಞಿ ತಪ್ಪಿ ಜೀವಕ್ಕ ಬರ್ತದ.

ಕೊಪ್ಪಳ ಆರೈಕೆ
ಇದು ಕೆಂಪು ಅಕ್ಷರದಾಗ ಹೋಗ್ತೈತಿ. ಅಂಗವಿಕಲರ ಕಾರ್ಡ್ ಸಿಗತೈತೇನ್ರಿ ಇವರಿಗೆ?

ಬಿಸಿಲೂರು, ರಾಯಚೂರು
ಸಿಗ್ತದ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧದಾಗ ಪಾರ್ಕಿನ್ಸನ್ ಹೆಸರು ಹಿಡಿದೇ ಅದ. ಸ್ವಾವಲಂಬನ್ ತಾಣದಾಗ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ ಜಿಲ್ಲಾ ವೈದ್ಯಕೀಯ ಮಂಡಳಿ ಮುಂದ ಹಾಜರಾಗಬೇಕು. ಸವಲತ್ತಿಗೆ ಶೇ. 40 ಬೇಕು. ನಡಿಗೆ ಪಾಠ ಸರ್ ಹೇಳಿದ ಮೂರು ದಿನದ ಹಾಳಿ, ಇಳಿದ ಹೊತ್ತಿನ ವಿಡಿಯೋ ಅಲ್ಲಿಗೂ ಒಯ್ಯಿರಿ.

ಕೊಪ್ಪಳ ಆರೈಕೆ
ಅರ್ಧ ತಾಸಿನ ಚೌಕುಳಿ ಹಾಕಿದ ಖಾಲಿ ಹಾಳಿ ನಾಳೆ ಮುಂಜಾನಿ ಇಲ್ಲೇ ಹಾಕ್ತೀವಿ. ಮನೆ ಸಣ್ಣ ಆಗ್ಯಾವೇನು ನೋಡಿ ಹೇಳ್ರಿ.

ನುಂಗು ನುಡಿ
ಮನೆ ದೊಡ್ಡದಿರಲಿ. ಈ ರೋಗದಲ್ಲಿ ಕೈಬರಹ ಸಣ್ಣದಾಗುತ್ತಾ ಹೋಗುತ್ತದೆ, ತಾನೇ ತುಂಬಿಸುವೆ ಅನ್ನುವ ರೋಗಿಗೆ ಜಾಗ ಬೇಕು. ಗೆರೆ ದಪ್ಪವಾಗಿ ಎಳೆಯಿರಿ.